ಯಾಕೆ ಕುಡಿದೆ ಎಂದು ನಾವು ಕೇಳಿರಲೇ ಇಲ್ಲ

ಅಣ್ಣನ ಹತ್ತಿರ ಒಂದು ನೋಟ್‌ಬುಕ್ ಉಂಟು. ಶಾಲೆ ಮಕ್ಕಳು ಒಯ್ಯುವಂಥದ್ದು, 200 ಪುಟದ್ದು. ಅವನು ಮಲ್ಪೆ ಬಂದರಿನ ಹತ್ತಿರ ಬೋಟಿನ ಇಂಜಿನ್ ರಿಪೇರಿ ಮಾಡುವವನು. ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಇಡುವ ಡ್ರಾಯರಿನಲ್ಲೇ ಆ ನೋಟ್‌ಬುಕ್ ಇರುತ್ತದೆ. ಹಾಗಾಗಿ ಪುಟ ಪುಟಕ್ಕೂ ಗ್ರೀಸಿನ ಹೆಬ್ಬೆಟ್ಟು. ಕಳೆದ ನವೆಂಬರಿನಲ್ಲಿ ನಾನು ಮಂಗಳೂರಿನಿಂದ ಮನೆಗೆ ಹೋದಾಗ ಅದನ್ನು ತಂದು ನನ್ನ ಕೈಗೆ ಕೊಟ್ಟ. "ಓದು" ಅಂದ, ಅಷ್ಟೇ. ಮೂರನೇ ಪುಟದಲ್ಲಿ ಹೀಗಿತ್ತು:

"ಭಾನುವಾರ. ಸಂಜೆ 6.10. ಮನೆ ಜಗಲಿ. ತಂಗಿಯ ಫೋನ್ ಬಂತು. ಆಸೆ 7."

ಆಸೆ ಅಂದರೆ ಕುಡಿಯುವ ಆಸೆ. ಸೊನ್ನೆಯಿಂದ ಹತ್ತರವರೆಗೆ ಅದಕ್ಕೆ ಅಂಕ ಕೊಡಬೇಕು. ತಂಗಿ ಅಂದರೆ ನಾನು.

ಇದನ್ನೆಲ್ಲ ಬರೆಯುವ ಮೊದಲು ಅಣ್ಣನನ್ನು ಕೇಳಿದ್ದೇನೆ. "ಹೆಸರು ಬೇಡ. ಉಳಿದದ್ದು ಬರಿ, ಯಾರಿಗಾದರೂ ಉಪಯೋಗ ಆದೀತು" ಅಂದ.

ನಮ್ಮ ಮನೆಯಲ್ಲಿ ಹದಿಮೂರು ವರ್ಷ ಒಂದೇ ಪ್ರಶ್ನೆ. ಯಾಕೆ ಕುಡಿದೆ? ಅಮ್ಮ ಕೇಳುತ್ತಿದ್ದರು, ಅತ್ತಿಗೆ ಕೇಳುತ್ತಿದ್ದರು, ಫೋನಿನಲ್ಲಿ ನಾನು ಕೇಳುತ್ತಿದ್ದೆ. ಕೇಳುವಾಗ ನಮಗೆ ಯಾರಿಗೂ ಉತ್ತರ ಬೇಕಿರಲಿಲ್ಲ. ಅವನು ತಲೆ ತಗ್ಗಿಸಬೇಕಿತ್ತು. ತಗ್ಗಿಸುತ್ತಿದ್ದ. ನಮಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು. ಮರುದಿನ ಸಂಜೆ ಮತ್ತೆ ಅದೇ ವಾಸನೆ, ಅದೇ ಪ್ರಶ್ನೆ.

ನಾಲ್ಕು ಸಲ ಆಣೆ ಹಾಕಿಸಿದ್ದೇವೆ. ಎರಡು ಸಲ ಕುಟುಂಬದ ದೈವದ ಎದುರು, ಒಮ್ಮೆ ಮಗಳ ತಲೆ ಮುಟ್ಟಿಸಿ, ಒಮ್ಮೆ ತೀರಿಹೋದ ಅಪ್ಪನ ಫೋಟೋದ ಎದುರು. ಕೊನೆಯದ್ದು ನನ್ನ ಹಠ. ಪಕ್ಕದ ಮನೆಯವರು ಒಂದು ಮಾತ್ರೆಯನ್ನೂ ಹೇಳಿದ್ದರು. ಪುಡಿ ಮಾಡಿ ಸಾರಿನಲ್ಲಿ ಹಾಕಿದರೆ ಗೊತ್ತೇ ಆಗುವುದಿಲ್ಲ, ಕುಡಿದರೆ ವಾಂತಿಯಾಗಿ ತಾನಾಗಿಯೇ ಬಿಡುತ್ತಾರೆ ಅಂತ. ಡೈಸಲ್ಫಿರಾಮ್ ಎಂಬ ಮಾತ್ರೆ ಅದು. ಅತ್ತಿಗೆ ಹಾಕಲಿಲ್ಲ, ದೊಡ್ಡ ಪುಣ್ಯ. ಆ ಔಷಧ ಮೈಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರು ಪರೀಕ್ಷೆ ಮಾಡಿ, ಕುಡಿಯುವವನಿಗೆ ಎಲ್ಲ ತಿಳಿಸಿ, ಅವನು ಒಪ್ಪಿದ ಮೇಲೆ ಕೊಡುವ ಔಷಧ ಅದು. ಗುಟ್ಟಾಗಿ ಹಾಕುವ ಮನೆಗಳು ಈಗಲೂ ಇವೆ. ದಯವಿಟ್ಟು ಹಾಗೆ ಮಾಡಬೇಡಿ.

ಕಳೆದ ಸೆಪ್ಟೆಂಬರ್ ಕೊನೆಗೆ ಅಣ್ಣನೇ "ಆಸ್ಪತ್ರೆಗೆ ಬರ್ತೇನೆ" ಅಂದ. ಬೆಳಿಗ್ಗೆ ಎದ್ದರೆ ಕೈ ನಡುಗಿ ನಟ್ಟು ಬೋಲ್ಟಿಗೆ ಕೂರುತ್ತಿರಲಿಲ್ಲ. ಒಂದು ನೈಂಟಿ ಹಾಕಿದ ಮೇಲೆಯೇ ಕೈ ನಿಲ್ಲುತ್ತಿತ್ತು. ಉಡುಪಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಇಲ್ಲಿ ಒಂದು ವಿಷಯ ಹೇಳಲೇಬೇಕು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸುವುದು ಒಳ್ಳೆಯದಲ್ಲ. ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಗೊಂದಲವಾಗಿ, ಇಲ್ಲದ್ದೆಲ್ಲ ಕಾಣಿಸಿ, ಪ್ರಾಣಕ್ಕೆ ಬರುವುದೂ ಉಂಟು. ಮೊದಲ ವಾರ ಅಣ್ಣನಿಗೆ ಸಿಕ್ಕಿದ್ದು ಮಾತಿನ ಚಿಕಿತ್ಸೆ ಅಲ್ಲ, ಥಯಮಿನ್ ಎಂಬ ಬಿ1 ವಿಟಮಿನ್ ಇಂಜೆಕ್ಷನ್, ನಡುಕ ಇಳಿಸುವ ಮಾತ್ರೆ, ಗಂಜಿ, ನಿದ್ದೆ. ತಲೆ ತಿಳಿಯಾದ ಮೇಲೆ ಮಾತು.

ಎಂಟನೇ ದಿನ ಕೌನ್ಸೆಲರ್ ಮೇಡಂ ಕೇಳಿದ ಮೊದಲ ಪ್ರಶ್ನೆ ಅಣ್ಣನಿಗೆ ಇವತ್ತಿಗೂ ಬಾಯಿಪಾಠ. "ಕೊನೆಯ ಸಲ ಕುಡಿದ ದಿನ, ಕುಡಿಯುವ ಒಂದು ಗಂಟೆ ಮೊದಲು ನೀವು ಎಲ್ಲಿದ್ರಿ? ಎಂತ ಮಾಡ್ತಾ ಇದ್ರಿ?"

ಅವನು ತಬ್ಬಿಬ್ಬಾದನಂತೆ. ಯಾಕೆ ಎಂದು ಕೇಳಿದರೆ ತಲೆ ತಗ್ಗಿಸಿ ಗೊತ್ತಿತ್ತು. ಎಲ್ಲಿದ್ದೆ ಎಂದು ಯಾರೂ ಕೇಳಿರಲಿಲ್ಲ.

ಈ ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಆಸ್ಪತ್ರೆಯಲ್ಲಿ ಎಲ್ಲರೂ ಸಿಬಿಟಿ ಅನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆ ಇರುವವರ ಜೊತೆ ಕೆಲಸ ಮಾಡುತ್ತಾ ಒಂದು ಸಂಗತಿ ಗಮನಿಸಿದರು. ಏನೋ ನಡೆಯುತ್ತದೆ, ಮನಸ್ಸು ಕುಗ್ಗುತ್ತದೆ. ಈ ಎರಡರ ನಡುವೆ ಒಂದು ಯೋಚನೆ ಥಟ್ಟನೆ ಹಾದುಹೋಗುತ್ತದೆ. ಎಷ್ಟು ಬೇಗ ಅಂದರೆ ಅದು ಬಂದದ್ದೇ ನಮಗೆ ಗೊತ್ತಾಗುವುದಿಲ್ಲ. ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ಇದು ನಿಜವಾ ಎಂದು ಪರೀಕ್ಷಿಸುವುದನ್ನು ಕಲಿಯಬಹುದು ಅಂತ ಅವರು ತೋರಿಸಿದರು. ಮುಂದೆ ಇದೇ ದಾರಿಯನ್ನು ಚಟಗಳಿಗೂ ಹೊಂದಿಸಿಕೊಂಡರು.

ಎರಡನೇ ವಾರಕ್ಕೆ ಅಣ್ಣ ತನ್ನದೇ ಭಾಷೆಯಲ್ಲಿ ಇದನ್ನು ಅರ್ಥ ಮಾಡಿಕೊಂಡಿದ್ದ. "ಇದು ನಮ್ಮ ಕೆಲಸದ ಹಾಗೇ ಉಂಟು ಮೇಡಂ. ಇಂಜಿನ್ ನಿಂತರೆ ಇಂಜಿನಿಗೆ ಬೈದು ಎಂತ ಪ್ರಯೋಜನ? ಡೀಸೆಲ್ ಬರ್ತಾ ಇಲ್ಲ ಅಂದ್ರೆ ಪೈಪ್ ಹಿಡಿದುಕೊಂಡು ಹಿಂದೆ ಹಿಂದೆ ಹೋಗ್ಬೇಕು. ಪಂಪು, ಫಿಲ್ಟರು, ಟ್ಯಾಂಕು. ಎಲ್ಲೋ ಒಂದು ಕಡೆ ಗಾಳಿ ಸೇರಿರ್ತದೆ."

ನೋಟ್‌ಬುಕ್ ಶುರುವಾದದ್ದು ಆಗ. ಗಂಟೆ, ಜಾಗ, ಜೊತೆಗೆ ಯಾರು, ತಲೆಯಲ್ಲಿ ಏನು ಬಂತು, ಆಸೆ ಎಷ್ಟು, ಆಮೇಲೆ ಏನು ಮಾಡಿದೆ. ಆರು ಗೆರೆ ಎಳೆದ ಪುಟ. ಮೊದಲ ಹತ್ತು ದಿನ "ತಲೆಯಲ್ಲಿ ಏನು ಬಂತು" ಎಂಬಲ್ಲಿ ಬರೀ "ಏನಿಲ್ಲ" ಅಂತ ಬರೆದಿದ್ದಾನೆ. ಮೇಡಂ ಬಿಡಲಿಲ್ಲ. ಹನ್ನೊಂದನೇ ದಿನ ಒಂದು ಸಾಲು ಬಂತು: "ಇಷ್ಟು ದುಡಿದಿದ್ದೇನೆ, ಒಂದು ಕ್ವಾರ್ಟರ್ ಹಾಕಿದರೆ ಎಂತ ತಪ್ಪು?" ಆಮೇಲೆ ಇನ್ನೊಂದು: "ಕುಡಿಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ."

ಈ ನಿದ್ದೆಯ ಮಾತನ್ನು ಅವನು ಹದಿಮೂರು ವರ್ಷ ನಂಬಿದ್ದ. ನಾವೂ ನಂಬಿದ್ದೆವು. ಮೇಡಂ ಅದು ಸುಳ್ಳು ಅಂತ ಹೇಳಲಿಲ್ಲ. "ನೋಡುವ, ಬರೆದಿಡಿ" ಅಂದರು. ಎಷ್ಟು ಗಂಟೆಗೆ ಮಲಗಿದೆ, ಎಷ್ಟು ಸಲ ಎಚ್ಚರ ಆಯಿತು. ಮೊದಲ ಮೂರು ವಾರ ನಿದ್ದೆ ನಿಜವಾಗಿಯೂ ಕೆಟ್ಟಿತ್ತು. ಬಿಟ್ಟ ಹೊಸತರಲ್ಲಿ ಹಾಗೇ ಅಂತೆ. ಐದನೇ ವಾರದ ಪುಟದಲ್ಲಿ "10.30ಕ್ಕೆ ಮಲಗಿದೆ, 5ಕ್ಕೆ ಎಚ್ಚರ, ನಡುವೆ ಒಮ್ಮೆ" ಅಂತ ಉಂಟು. ಕುಡಿಯುವ ಕಾಲದಲ್ಲಿ ಬೇಗ ಕಣ್ಣು ಮುಚ್ಚುತ್ತಿತ್ತು ನಿಜ. ಆದರೆ ನಡುರಾತ್ರಿ ಎರಡು ಗಂಟೆಗೆ ಎದ್ದು ಕೂತು ಬೆವರುತ್ತಿದ್ದದ್ದು ಅವನಿಗೆ ಆಗ ನೆನಪಾಯಿತು. ಮದ್ಯ ನಿದ್ದೆ ತರಿಸಿದ ಹಾಗೆ ಮಾಡಿ ರಾತ್ರಿಯ ಎರಡನೇ ಅರ್ಧವನ್ನು ಕೆಡಿಸುತ್ತದೆ ಎಂದು ಯಾರು ಹತ್ತು ಸಲ ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ತನ್ನ ಕೈಬರಹ ಕಂಡಾಗ ಒಪ್ಪಿದ.

ಇನ್ನೊಂದು ಪಾಠ ಕಡಲ ತೆರೆಯದ್ದು. ಅಮೆರಿಕದ ಸಿಯಾಟಲ್‌ನಲ್ಲಿದ್ದ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ವಿಧಾನ. ಆಸೆ ತೆರೆಯ ಹಾಗೆ ಏಳುತ್ತದೆ, ಎತ್ತರಕ್ಕೆ ಹೋಗುತ್ತದೆ, ಇಳಿಯುತ್ತದೆ. ಅದರ ಜೊತೆ ಗುದ್ದಾಡಬೇಡ, ಅದರಲ್ಲಿ ಮುಳುಗಲೂ ಬೇಡ, ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಅಂತ ನೋಡುತ್ತಾ ಇರು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಮಲ್ಪೆಯವನಿಗೆ ತೆರೆಯ ಪಾಠ! ಅಣ್ಣ ಪೂರ್ತಿ ಕೇಳಿ ಹೇಳಿದ, "ಸರಿ ಮೇಡಂ. ಆದ್ರೆ ಮಳೆಗಾಲದ ಆಟಿ ತಿಂಗಳ ತೆರೆಗೆ ಯಾರೂ ದೋಣಿ ಇಳಿಸುವುದಿಲ್ಲ. ಮೇಲೆ ಎಳೆದು ಹಾಕ್ತೇವೆ."

ಮೇಡಂ ಆ ಮಾತನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರಂತೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕೂತು ನೋಡಬಹುದಾದ ಆಸೆ ಬೇರೆ. ಕಾಲೇ ಇಡಬಾರದ ಜಾಗ ಬೇರೆ. ಮೊದಲ ತಿಂಗಳುಗಳಲ್ಲಿ ಎರಡನೆಯದನ್ನು ಗುರುತಿಸುವುದೇ ದೊಡ್ಡ ಕೆಲಸ. ನಮ್ಮ ಕಡೆಯವರಿಗೆ ಗೊತ್ತು, ಮದುವೆಯ ಹಿಂದಿನ ರಾತ್ರಿಯ ಮೆಹಂದಿ ಈಗ ಯಾವ ರೂಪಕ್ಕೆ ಬಂದಿದೆ ಅಂತ. ಒಳಗೆ ಹೆಂಗಸರು ಮಕ್ಕಳು ಮದರಂಗಿ ಹಚ್ಚುವಾಗ ಮನೆಯ ಹಿಂದೆ ತೋಟದಲ್ಲಿ ಇನ್ನೊಂದು ಸಭೆ. ಡಿಸೆಂಬರಿನಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ ಇತ್ತು. ಅಣ್ಣ ಮೆಹಂದಿಗೆ ಹೋಗಲಿಲ್ಲ, ಮರುದಿನ ಮದುವೆ ಊಟಕ್ಕೆ ಹೋದ. ದೊಡ್ಡಪ್ಪನಿಗೆ ಸಿಟ್ಟು ಬಂತು. ಬರಲಿ. "ದೋಣಿ ಮೇಲೆ ಎಳೆದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ.

ಜನವರಿಯಲ್ಲಿ, 115ನೇ ದಿನ, ಅಣ್ಣ ಕುಡಿದ.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಈ ಚಿಕಿತ್ಸೆ ಏನು ಎಂದು ನನಗೆ ತಿಳಿದದ್ದೇ ಅವತ್ತು. ರಾತ್ರಿ ಹನ್ನೊಂದಕ್ಕೆ ಅತ್ತಿಗೆ ಅಳುತ್ತಾ ಫೋನ್ ಮಾಡಿದರು. ನಾನು ಬೆಳಿಗ್ಗೆ ಮೊದಲ ಎಕ್ಸ್‌ಪ್ರೆಸ್ ಬಸ್ ಹಿಡಿದು ಉಡುಪಿಗೆ ಹೋದೆ. ದಾರಿಯುದ್ದಕ್ಕೂ ಅವನಿಗೆ ಏನು ಬೈಯಬೇಕು ಅಂತ ಜೋಡಿಸಿಕೊಂಡಿದ್ದೆ. ಮನೆಗೆ ಮುಟ್ಟುವಾಗ ಅವನು ಆಗಲೇ ಮೇಡಂಗೆ ಫೋನ್ ಮಾಡಿ ಆಗಿತ್ತು. ನನ್ನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಹೋದ.

ಮೇಡಂ ಒಂದು ಹಾಳೆಯ ಬಲತುದಿಯಲ್ಲಿ "7.30, ಬಾರ್" ಅಂತ ಬರೆದರು. ಅಲ್ಲಿಂದ ಎಡಕ್ಕೆ ಗೆರೆ ಎಳೆದರು. "ಅದರ ಮೊದಲು?"

ಸರ್ವಿಸ್ ಬಸ್ ಸ್ಟ್ಯಾಂಡಿನ ಹತ್ತಿರ ಹಳೆಯ ಪರಿಚಯದವನೊಬ್ಬ ಸಿಕ್ಕಿ ಕರೆದ, ಅಂದ ಅಣ್ಣ.

"ಉಡುಪಿಗೆ ಬಂದದ್ದು ಎಂತಕ್ಕೆ?"

ಆಯಿಲ್ ಸೀಲ್ ತರಲು.

"ಮಲ್ಪೆಯಲ್ಲಿ ಸಿಗುವುದಿಲ್ವಾ?"

"ಸಿಗ್ತದೆ. ಇಲ್ಲಿ ಹತ್ತು ರೂಪಾಯಿ ಕಮ್ಮಿ."

"ಸ್ಕೂಟರಿನಲ್ಲಿ ಬಂದ್ರಾ?"

ಇಲ್ಲ, ಬಸ್ಸಿನಲ್ಲಿ.

"ಸ್ಕೂಟರ್ ಎಲ್ಲಿತ್ತು?"

ಅಣ್ಣ ಸುಮ್ಮನಾದ. ಫ್ಯಾನಿನ ಸದ್ದು ಕೇಳುವಷ್ಟು ಸುಮ್ಮನಾದ. ಅವನು ಕುಡಿದು ಗಾಡಿ ಓಡಿಸುವವನಲ್ಲ. ಅಪ್ಪ ಹೋದದ್ದೇ ಅಪಘಾತದಲ್ಲಿ. ಕುಡಿಯುವ ದಿನ ಸ್ಕೂಟರನ್ನು ವರ್ಕ್‌ಶಾಪಿನಲ್ಲೇ ಬಿಟ್ಟು ಬರುವುದು ಅವನ ಹಳೆಯ ರೂಢಿ. ನಾಲ್ಕು ಗಂಟೆಗೆ ಸ್ಕೂಟರಿನ ಕೀಲಿಯನ್ನು ಡ್ರಾಯರಿಗೆ ಹಾಕಿ ಬಸ್ ಹತ್ತಿದ್ದ. ಏಳಕ್ಕೆ ಸಿಕ್ಕಿದ ಪರಿಚಯದವನ ತಪ್ಪು ಅಂತ ನಾಲ್ಕು ನಿಮಿಷ ಮೊದಲು ಹೇಳಿದವನು, "ನಾನು ನಾಲ್ಕು ಗಂಟೆಗೇ ಕುಡಿದಿದ್ದೆ ಮೇಡಂ" ಅಂದ.

ಗೆರೆ ಇನ್ನೂ ಎಡಕ್ಕೆ ಹೋಯಿತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ನೂರರ ಬದಲು ಐನೂರರ ನೋಟು ತೆಗೆದುಕೊಂಡಿದ್ದ. "ಇವತ್ತು ತಡ ಆದೀತು" ಅಂತ ಅತ್ತಿಗೆಗೆ ಹೇಳಿದ್ದ. ಹಿಂದಿನ ದಿನ ಒಬ್ಬ ಬೋಟಿನ ಮಾಲಕರು, ಅವನು ಬಿಚ್ಚಿ ಕೂಡಿಸಿದ ಇಂಜಿನನ್ನು ನೋಡಿ, "ಕುಡುಕನ ಕೆಲಸ ಅಲ್ವಾ, ಇನ್ನೊಬ್ಬರಿಗೆ ಒಮ್ಮೆ ತೋರಿಸ್ತೇನೆ" ಅಂದಿದ್ದರು. ಆಗ ತಲೆಯಲ್ಲಿ ಏನು ಬಂತು? "ನೂರು ದಿನ ಬಿಟ್ಟರೂ ನಾನು ಕುಡುಕನೇ. ಹಾಗಾದ್ರೆ ಕುಡಿಯದೆ ಎಂತಕ್ಕೆ ಇರುವುದು?"

"ಇಲ್ಲಿ ಗಾಳಿ ಸೇರಿದ್ದು" ಅಂದ ಅಣ್ಣ. ಹಾಳೆಯ ಎಡತುದಿಯಲ್ಲಿ ಬೆರಳಿಟ್ಟಿದ್ದ.

ಸಂಬಂಧವೇ ಇಲ್ಲದ ಹಾಗೆ ಕಾಣುವ ಇಂಥ ಸಣ್ಣ ಸಣ್ಣ ನಿರ್ಧಾರಗಳ ಬಗ್ಗೆ ಮಾರ್ಲಟ್ ಬಹಳ ಬರೆದಿದ್ದಾರೆ. ಐನೂರರ ನೋಟು, ಹತ್ತು ರೂಪಾಯಿ ಕಮ್ಮಿಯ ಸೀಲು, ಬಸ್ಸು. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ಬಾರಿನ ಬಾಗಿಲಲ್ಲಿ ನಿಂತು ತನ್ನನ್ನು ತಡೆಯುವುದು ಬಹಳ ಕಷ್ಟ. ಕೀಲಿ ಡ್ರಾಯರಿಗೆ ಹಾಕುವ ಹೊತ್ತಿಗೆ ತಡೆಯುವುದು ಅಷ್ಟು ಕಷ್ಟವಲ್ಲ. ಈಗ ಅವನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ "ಸ್ಕೂಟರ್ ಎಲ್ಲಿ?" ಅಂತ ಬರೆದಿದೆ.

ಇನ್ನು ಆಣೆಯ ವಿಷಯ. ನನಗೆ ದೈವದ ಮೇಲೆ ನಂಬಿಕೆ ಉಂಟು, ಈಗಲೂ ಉಂಟು. ಆಣೆಯಿಂದಲೇ ಬಿಟ್ಟವರನ್ನೂ ನೋಡಿದ್ದೇನೆ. ಆದರೆ ಅಣ್ಣನ ಮಟ್ಟಿಗೆ ನಾಲ್ಕು ಸಲವೂ ಒಂದೇ ಕಥೆ. ಒಂದು ದಿನ ತಪ್ಪುತ್ತಿತ್ತು. ಹೋಯ್ತಲ್ಲ, ದೈವಕ್ಕೇ ತಪ್ಪಿದವನು ಇನ್ನು ಬಿಟ್ಟರೆಷ್ಟು, ಕುಡಿದರೆಷ್ಟು ಅಂತ ತಿಂಗಳುಗಟ್ಟಲೆ ಕುಡಿಯುತ್ತಿದ್ದ. ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ 1985ರಲ್ಲಿ ಬರೆದದ್ದು ಇದೇ ಮಾತು. ಪೂರ್ತಿ ಬಿಡುತ್ತೇನೆ ಅಂದವನು ಒಮ್ಮೆ ಎಡವಿದಾಗ, ಎಡವಿದ್ದಕ್ಕಿಂತ ಆಮೇಲಿನ ನಾಚಿಕೆ, "ನಾನು ಇಷ್ಟೇ" ಎಂಬ ತೀರ್ಮಾನ ಅವನನ್ನು ನೆಲಕ್ಕೆ ಕೆಡವುತ್ತದೆ. ಅವತ್ತು ಮೇಡಂ ಅಣ್ಣನಿಗೆ ಕೇಳಿದರು, "115 ದಿನದಲ್ಲಿ ಎಷ್ಟು ದಿನ ಕುಡಿದ್ರಿ?" ಒಂದು. "ಉಳಿದ 114 ದಿನ ಯಾರು ಬಿಟ್ಟದ್ದು?" ಅವನು ಕಣ್ಣು ಒರೆಸಿಕೊಂಡ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನು ಹೇಳಲಿಲ್ಲ.

ಅದೇ ದಿನ ನನ್ನ ಫೋನಿನ ವಿಷಯವೂ ಬಂತು. ನಾನೇ ಕೇಳಿದೆ. ನವೆಂಬರಿನಿಂದ ಆ ಮೂರನೇ ಪುಟ ನನ್ನನ್ನು ಕೊರೆಯುತ್ತಿತ್ತು. ನನ್ನಿಂದ ಅವನಿಗೆ ಕುಡಿಯುವ ಆಸೆ ಆಗುತ್ತದಾ? ಮೇಡಂ ತಲೆ ಅಲ್ಲಾಡಿಸಿದರು. "ನಿಮ್ಮಿಂದ ಅಲ್ಲ. ಫೋನ್ ಇಟ್ಟ ಮೇಲೆ ಅವರ ತಲೆಯಲ್ಲಿ ಎಂತ ಬಂತು ಅಂತ ಓದಿ." ಆ ಸಾಲಿನ ಮುಂದೆ ಬರೆದದ್ದನ್ನು ನಾನು ಮೊದಲು ಸರಿಯಾಗಿ ನೋಡಿಯೇ ಇರಲಿಲ್ಲ. "ಹೇಗೂ ನಂಬುವುದಿಲ್ಲ." ಎರಡೇ ಶಬ್ದ. ನಾನು ಫೋನ್ ಎತ್ತಿದ ಕೂಡಲೇ ಕೇಳುತ್ತಿದ್ದದ್ದು "ಇವತ್ತು ಕುಡಿದಿದ್ದೀಯಾ?" ಅಂತ. ಅವನು ಇಲ್ಲ ಅನ್ನುತ್ತಿದ್ದ. "ನಿಜ ಹೇಳು" ಅನ್ನುತ್ತಿದ್ದೆ. ಅವನು ಆಸ್ಪತ್ರೆಯಿಂದ ಬಂದ ಮೇಲೂ ಕೇಳುತ್ತಿದ್ದೆ, ಅವನು ನಿಜ ಹೇಳುತ್ತಿದ್ದಾಗಲೂ.

ಈಗ ರಾತ್ರಿ ಊಟ ಆದ ಮೇಲೆ ಫೋನ್ ಮಾಡುತ್ತೇನೆ. ಮಗಳ ಪರೀಕ್ಷೆ, ಅಮ್ಮನ ಮಂಡಿನೋವು, ಬೂತಾಯಿ ಮೀನಿಗೆ ಎಷ್ಟು ರೇಟು. ಅವನೇ ಹೇಳಿದರೆ ಮಾತ್ರ ಆ ಮಾತು.

ಸಿಬಿಟಿಯೊಂದೇ ದಾರಿ ಅಂತ ನಾನು ಹೇಳುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಗೆ ಹೋಗಿ ಬಿಟ್ಟವರು ನಮ್ಮ ಜಿಲ್ಲೆಗಳಲ್ಲಿ ಊರೂರಿಗೂ ಇದ್ದಾರೆ. ಆಮೇಲೆ ನವಜೀವನ ಸಮಿತಿಯಲ್ಲಿ ಅವರೆಲ್ಲ ಸೇರುವುದು ದೊಡ್ಡ ಆಸರೆ. ಕುಡಿತ ಬಿಡಲು ಹೊರಟವರೇ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಂದ ಬದುಕಿದವರೂ ಇದ್ದಾರೆ. ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಾಜೆಕ್ಟ್ ಮ್ಯಾಚ್. ಅದರ ಫಲಿತಾಂಶ 1997ರಲ್ಲಿ ಬಂತು. ಸಿಬಿಟಿ, ಮನಸ್ಸನ್ನು ಸಿದ್ಧಗೊಳಿಸುವ ಮಾತುಕತೆ, ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳ ದಾರಿ, ಮೂರರಿಂದಲೂ ಹೆಚ್ಚುಕಮ್ಮಿ ಒಂದೇ ರೀತಿಯ ಲಾಭ ಆಗಿತ್ತು. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ಅಣ್ಣ ಕೂಡ ಕೆಲವು ತಿಂಗಳು ತೆಗೆದುಕೊಂಡಿದ್ದ. ಯಾವುದು ಸಿಗುತ್ತದೋ, ಯಾರಿಗೆ ಯಾವುದು ಹಿಡಿಸುತ್ತದೋ ಅದರಿಂದ ಶುರು ಮಾಡಲಿ. ನನಗೆ ಸಂಕಟ ಆಗುವುದು ಯಾವುದೂ ಸಿಗದವರನ್ನು ನೆನೆದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದೆ ಅನ್ನುತ್ತದೆ ಅದು. ಉಳಿದ 37 ಮನೆಗಳಲ್ಲಿ "ಯಾಕೆ ಕುಡಿದೆ" ನಡೆಯುತ್ತಲೇ ಇರುತ್ತದೆ. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಏಪ್ರಿಲಿನಲ್ಲಿ ಇನ್ನೊಂದು ಮೆಹಂದಿ ಇತ್ತು. ಅತ್ತಿಗೆಯ ತಮ್ಮನದ್ದು, ತಪ್ಪಿಸುವ ಹಾಗಿರಲಿಲ್ಲ. ಹಿಂದಿನ ವಾರ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಬೇಡ ಅನ್ನುವುದನ್ನೂ ಅಭ್ಯಾಸ ಮಾಡಬೇಕು ಅಂತ ಮೇಡಂ ಹೇಳಿದ್ದರು. ಅತ್ತಿಗೆ ಒಲೆಯ ಹತ್ತಿರ ನಿಂತು ಗಂಡಸಿನ ದನಿಯಲ್ಲಿ, "ಎಂತ ಮಾರಾಯ, ಅಪರೂಪಕ್ಕೆ ಸಿಕ್ಕಿದ್ದೀ, ಒಂದೇ ಪೆಗ್" ಅಂದರು. ಅಣ್ಣ, "ಮಾತ್ರೆ ತಗೊಳ್ತಾ ಇದ್ದೇನೆ" ಅಂದ. ಅತ್ತಿಗೆ ಕೂಡಲೇ, "ಮಾತ್ರೆ ನಾಳೆ ತಗೊ. ಇವತ್ತು ಮದುವೆ." ನೆಪ ಹೇಳಿದರೆ ಎದುರಿನವರಿಗೆ ಹಿಡಿಯಲು ಒಂದು ಕೊಕ್ಕೆ ಸಿಗುತ್ತದೆ. ಹಾಗಾಗಿ ನೆಪ ಬೇಡ, ಚಿಕ್ಕದಾಗಿ ಹೇಳಿ ಬೇರೆ ಮಾತು ತೆಗೆಯಬೇಕು. ಏಳೆಂಟು ಸಲ ಆದ ಮೇಲೆ "ನಾನು ಕುಡಿಯುವುದಿಲ್ಲ. ಊಟ ಎಲ್ಲಿ?" ಎಂಬಲ್ಲಿಗೆ ಬಂದು ನಿಂತಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕುಡಿಯಲು ಕರೆಯುವವರ ಒಂದೊಂದು ಮಾತೂ ಅತ್ತಿಗೆಗೆ ಬರುತ್ತಿತ್ತು. ಅಂಗಳಕ್ಕೆ ಬಂದು ಅಣ್ಣನನ್ನು ಕರೆದುಕೊಂಡು ಹೋದವರ ಮಾತನ್ನು ಅಷ್ಟು ವರ್ಷ ಒಳಗಿನಿಂದ ಕೇಳಿಸಿಕೊಂಡವರು ಅವರೇ ಅಲ್ವಾ.

ಆ ಮೆಹಂದಿಯಿಂದ ಒಂಬತ್ತೂವರೆಗೆ ಮನೆಗೆ ಬಂದ. ಆಸೆ 8 ಅಂತ ಬರೆದಿದ್ದಾನೆ. ಕುಡಿದಿರಲಿಲ್ಲ.

ಈಗ ಜುಲೈ ಮುಗಿಯುತ್ತಾ ಬಂತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಹೊತ್ತಿನಲ್ಲೇ ಇಂಜಿನುಗಳನ್ನು ಬಿಚ್ಚಿ ಸರಿ ಮಾಡುವುದು, ಅಣ್ಣನಿಗೆ ಉಸಿರಾಡಲು ಬಿಡುವಿಲ್ಲ. ಬೋಟು ಇಳಿಯುವ ಮೊದಲು ಮಾಲಕರು ಲೆಕ್ಕ ಚುಕ್ತಾ ಮಾಡುತ್ತಾರೆ. ಕೈಯಲ್ಲಿ ಒಟ್ಟಿಗೆ ದುಡ್ಡು, ಮೈಯಲ್ಲಿ ಎರಡು ತಿಂಗಳ ಸುಸ್ತು, ಆಮೇಲೆ ಪಾರ್ಟಿ. ಹಿಂದಿನ ಯಾವ ಆಗಸ್ಟಿನಲ್ಲೂ ಮೊದಲ ವಾರ ಅವನು ನೆಟ್ಟಗೆ ಮನೆಗೆ ಬಂದದ್ದಿಲ್ಲ.

ನಿನ್ನೆ ರಾತ್ರಿ ಫೋನಿನಲ್ಲಿ ನೋಟ್‌ಬುಕ್ ಓದಿ ಹೇಳಿದ. ಒಂದು ಪುಟಕ್ಕೆ "ಆಗಸ್ಟ್ 1" ಅಂತ ತಲೆಬರಹ ಹಾಕಿದ್ದಾನೆ. ದುಡ್ಡು ಕೈಗೆ ಬೇಡ, ಅತ್ತಿಗೆಯ ಖಾತೆಗೆ. ಹಸಿದ ಹೊಟ್ಟೆಯಲ್ಲಿ ಆಸೆ ಜಾಸ್ತಿ, ಹಾಗಾಗಿ ನಾಲ್ಕೂವರೆಗೆ ಅವಲಕ್ಕಿ, ಚಾ. ಐದಕ್ಕೆ ಸ್ಕೂಟರಿನಲ್ಲೇ ಹೊರಡುವುದು, ದಾರಿಯಲ್ಲಿ ಮಗಳನ್ನು ಟ್ಯೂಷನ್‌ನಿಂದ ಕರೆದುಕೊಳ್ಳುವುದು. ಕೊನೆಯ ಸಾಲು ಓದುವ ಮೊದಲು ಸ್ವಲ್ಪ ನಿಲ್ಲಿಸಿದ.

"6.10. ತಂಗಿಗೆ ಫೋನ್ ಮಾಡುವುದು."

ಆಮೇಲೆ, "ಆ ಹೊತ್ತಿಗೆ ಫೋನ್ ಎತ್ತು ಮಾರಾಯ್ತಿ" ಅಂದ.